ಪ್ರಿಂಟ್ ಚೆನ್ನಾಗಿ ಬಂತಲ್ಲ, ಇನ್ನೇನು?

ಬಂಗಾರಪೇಟೆಯ ಡಿಟಿಪಿ ಅಂಗಡಿಗಳ ಮುಂದೆ ಅರ್ಧ ದಿನ ನಿಂತರೆ ಒಂದು ಮಾತು ಹತ್ತಾರು ಸಲ ಕಿವಿಗೆ ಬೀಳುತ್ತೆ: "ಪ್ರಿಂಟ್ ಚೆನ್ನಾಗಿ ಬಂತಲ್ಲ, ಇನ್ನೇನು?" ಟೈಪ್ ಮಾಡೋ ಹುಡುಗ ಹೇಳ್ತಾನೆ. ಅರ್ಜಿ ಬರೆಸೋಕೆ ಬಂದ ರೈತನೂ ಹೇಳ್ತಾನೆ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳ್ತಾರೆ, ಅಷ್ಟೇ ವ್ಯತ್ಯಾಸ. ಕಂಪ್ಯೂಟರಿನಲ್ಲಿ ಕನ್ನಡದ ಕಾಗದಪತ್ರ ಕೆಟ್ಟಿರುವುದಕ್ಕೆ ವೈರಸ್ಸು, ಕರೆಂಟು, ಹಳೇ ಮಷೀನು ಅಂತ ಏನೇನೋ ಕಾರಣ ಕೊಡ್ತೀವಲ್ಲ, ನನ್ನ ಪ್ರಕಾರ ಮೊದಲ ಆರೋಪಿ ಈ ಮಾತೇ.

ನಾನು ಬೂದಿಕೋಟೆ ಕಡೆಯ ಹಳ್ಳಿಯವನು. ಬಿಇ ಮಾಡಿ ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಕೂಲಿ. ಶನಿವಾರ ಮಾರಿಕುಪ್ಪಂ ರೈಲು ಹತ್ತಿ ಊರಿಗೆ ಬಂದೆ ಅಂದ್ರೆ, ನಮ್ಮೂರವರ ಲೆಕ್ಕದಲ್ಲಿ ನಾನು "ಕಂಪ್ಯೂಟ್ರು ಓದಿರೋ ಹುಡುಗ". ಪಹಣಿ ತಿದ್ದುಪಡಿ, ವಿಧವಾ ವೇತನ, ಬೋರ್‌ವೆಲ್ ಕರೆಂಟು, ಯಾವ ಅರ್ಜಿಯಾದರೂ "ಬಾರಪ್ಪ, ಅಂಗಡೀಲಿ ಸ್ವಲ್ಪ ನಿಂತ್ಕೊಂಡು ನೋಡು" ಅಂತಾರೆ. ಹಾಗೆ ನಿಂತು ನಿಂತು, ಬೇರೆಯವರ ಬೆನ್ನ ಹಿಂದಿನಿಂದ ನೂರಾರು ಅರ್ಜಿಗಳು ಹುಟ್ಟೋದನ್ನ ನೋಡಿದ್ದೀನಿ. ಈ ಲೇಖನದ ಸಿಟ್ಟು ಅಲ್ಲಿಂದ ಬಂದದ್ದು.

ನೀವೇ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಯಾರೋ ಟೈಪ್ ಮಾಡಿಕೊಟ್ಟ ಕನ್ನಡದ ವರ್ಡ್ ಫೈಲ್ ಒಂದಿದ್ದರೆ ತೆಗೆಯಿರಿ. ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು 8 ಒತ್ತಿ. ಕಾಗದದ ಮೇಲೆ ಕಾಣದ್ದೆಲ್ಲ ಈಗ ಪರದೆಯ ಮೇಲೆ ಕಾಣುತ್ತೆ. ಒಂದೊಂದು ಸ್ಪೇಸಿಗೆ ಒಂದೊಂದು ಚುಕ್ಕಿ, ಒಂದೊಂದು ಎಂಟರ್‌ಗೆ ಇಂಗ್ಲಿಷಿನ ಪಿ ಅಕ್ಷರವನ್ನು ಕನ್ನಡಿಯಲ್ಲಿ ನೋಡಿದಂಥ ಒಂದು ಗುರುತು. "ವಿಷಯ" ಅನ್ನೋ ಪದದ ಮುಂದೆ ಇಪ್ಪತ್ತು ಚುಕ್ಕಿ, ಯಾಕಂದ್ರೆ ಅದು ನಡುವಿಗೆ ಬರಬೇಕಿತ್ತು. "ಇಂತಿ ತಮ್ಮ ವಿಶ್ವಾಸಿ" ಮುಂದೆ ರಾಗಿ ಬಿತ್ತಿದ ಹಾಗೆ ಚುಕ್ಕಿಗಳು, ಯಾಕಂದ್ರೆ ಅದು ಬಲಕ್ಕೆ ಹೋಗಬೇಕಿತ್ತು. ಎರಡನೇ ಪುಟಕ್ಕೆ ಹೋಗೋಕೆ ಹದಿನಾಲ್ಕು ಎಂಟರ್. ಪ್ರತಿ ಸಾಲಿನ ಕೊನೆಯಲ್ಲೂ ಒಂದು ಎಂಟರ್ ಇದ್ದರೆ ಇನ್ನೂ ಚೆಂದ: ಅಂದ್ರೆ ಹತ್ತು ಸಾಲಿನ ಒಂದು ಪ್ಯಾರಾ ಕಂಪ್ಯೂಟರಿನ ಕಣ್ಣಿಗೆ ಹತ್ತು ಪ್ಯಾರಾ.

ಇದರಲ್ಲಿ ತಪ್ಪೇನು, ಪ್ರಿಂಟ್ ಚೆನ್ನಾಗೇ ಬಂತಲ್ಲ? ಅದಕ್ಕೆ ಮೊದಲು ಪ್ಯಾರಾ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು. ವರ್ಡ್‌ನಲ್ಲಿ ಪ್ಯಾರಾ ಅನ್ನೋದು ಒಂದು ಇಡೀ ವಸ್ತು. ಆ ತಿರುಗಿದ ಪಿ ಗುರುತಿದೆಯಲ್ಲ, ಅದರ ಹೊಟ್ಟೆಯೊಳಗೆ ಆ ಪ್ಯಾರಾದ ಜಾತಕವೇ ಇರುತ್ತೆ: ಎಡಕ್ಕೋ ನಡುವಿಗೋ ಬಲಕ್ಕೋ, ಮೊದಲ ಸಾಲು ಎಷ್ಟು ಒಳಗೆ ಸರಿಯಬೇಕು, ಮೇಲೆ ಕೆಳಗೆ ಎಷ್ಟು ಜಾಗ, ಸಾಲು ಸಾಲಿನ ನಡುವೆ ಎಷ್ಟು ಅಂತರ, ಮುಂದಿನ ಪ್ಯಾರಾ ಬಿಟ್ಟು ಒಂಟಿಯಾಗಿ ಪುಟದ ತಳದಲ್ಲಿ ನಿಲ್ಲಬಹುದೋ ಬಾರದೋ. ಗುರುತನ್ನು ಅಳಿಸಿ ನೋಡಿ, ಪ್ಯಾರಾ ಕೆಳಗಿನದರ ಜೊತೆ ಕೂಡಿಕೊಂಡು ಚಹರೆಯೇ ಬದಲಾಗುತ್ತೆ. ಇದು ನಿನ್ನೆ ಮೊನ್ನೆ ಬಂದ ಸೌಲಭ್ಯ ಅಲ್ಲ. 1974ರ ಹೊತ್ತಿಗೆ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನ್ಯಿ ಸೇರಿ ಬ್ರಾವೋ ಅಂತ ಒಂದು ಬರವಣಿಗೆಯ ಪ್ರೋಗ್ರಾಂ ಮಾಡಿದರು. ಆ ಸಿಮೋನ್ಯಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು, 1983ರಲ್ಲಿ ವರ್ಡ್ ಬಂತು. ನಲವತ್ತು ವರ್ಷ ದಾಟಿದ ಈ ಸಲಕರಣೆಯನ್ನು ನಾವು ಇವತ್ತಿಗೂ ದುಬಾರಿ ಟೈಪ್‌ರೈಟರ್ ಥರ ಕುಟ್ಟುತ್ತಾ ಇದ್ದೀವಿ.

ಟೈಪ್‌ರೈಟರ್ ಅಂದದ್ದು ಬೈಗುಳ ಅಲ್ಲ. ಅನಂತ ಸುಬ್ಬರಾಯರ ಕೀಲಿಮಣೆಯ ಕನ್ನಡ ಟೈಪ್‌ರೈಟರ್ ಮುಂದೆ ಕೂತು ಜೂನಿಯರ್, ಸೀನಿಯರ್ ಪಾಸು ಮಾಡಿದವರ ಕೈಚಳಕ ನೋಡಿದವರಿಗೆ ಗೊತ್ತು, ಅದೊಂದು ವಿದ್ಯೆ. ಆ ಮಷೀನಿನಲ್ಲಿ ಉರುಳೆ ಒಂದೊಂದೇ ಮೆಟ್ಟಿಲು ಸರಿಯುತ್ತಿತ್ತು, ಹಾಗಾಗಿ ಇಷ್ಟು ಸ್ಪೇಸ್ ಒತ್ತಿದರೆ ಇಷ್ಟು ದೂರ ಅನ್ನೋದು ಪಕ್ಕಾ ಲೆಕ್ಕ. ಗಂಟೆ ಬಾರಿಸಿದರೆ ಸಾಲು ಮುಗೀತು, ಸನ್ನೆ ತಳ್ಳಬೇಕು. ಆ ವಿದ್ಯೆ ಕಲಿತ ಮೇಷ್ಟ್ರುಗಳೇ ಮುಂದೆ ಅದೇ ರೂಮಿನಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು "ಮೂರು ತಿಂಗಳ ಕೋರ್ಸ್" ಬೋರ್ಡು ಹಾಕಿದರು. ಅವರಿಗೆ ಗೊತ್ತಿದ್ದದ್ದನ್ನ ಕಲಿಸಿದರು. ಜೊತೆಗೆ ಮೆನುವಿನಲ್ಲಿ ಏನೇನಿದೆ ಅನ್ನೋದನ್ನ ಬಾಯಿಪಾಠ ಮಾಡಿಸಿದರು: ಬೋಲ್ಡ್ ಅಂದ್ರೆ ದಪ್ಪ, ಇಟಾಲಿಕ್ ಅಂದ್ರೆ ಓರೆ, ಅಂಡರ್‌ಲೈನ್ ಅಂದ್ರೆ ಅಡಿಗೆರೆ. ಸ್ಟೈಲ್ಸ್ ಅನ್ನೋ ದೊಡ್ಡ ಪೆಟ್ಟಿಗೆ ಪರದೆಯ ಮೇಲೇ ಕೂತಿದೆ, ಅದನ್ನ ಮಾತ್ರ ಯಾರೂ ಮುಟ್ಟಲಿಲ್ಲ. ಅಂಗಡಿಯ ಹುಡುಗನನ್ನು ಬೈದು ಏನು ಪ್ರಯೋಜನ ಹೇಳಿ. ಅವನು ಕಲಿತಿದ್ದನ್ನ ಚಾಚೂ ತಪ್ಪದೆ ಮಾಡ್ತಿದ್ದಾನೆ.

ಆದರೂ ಇದರ ಪೆಟ್ಟು ಯಾರಿಗೆ ಬೀಳುತ್ತೆ ಅನ್ನೋದಕ್ಕೆ ಒಂದು ಪ್ರಸಂಗ ಹೇಳ್ತೀನಿ.

ಕೆಜಿಎಫ್ ಅಂದರೆ ಈಗ ಎಲ್ಲರಿಗೂ ಸಿನಿಮಾ. ನಮಗೆ ಅದು ಬಂಗಾರಪೇಟೆಯಿಂದ ಕವಲೊಡೆದ ರೈಲುದಾರಿಯ ಕೊನೆಯ ಊರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಸ್ಟೇಷನ್ನು ಒಂದೊಂದಾಗಿ ದಾಟಿಕೊಂಡು ಹೋಗುವ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿ ಮುಚ್ಚಿದರೂ ಅರ್ಜಿ ಮುಚ್ಚಲಿಲ್ಲ. ಬಾಕಿ ಹಣ, ಕ್ವಾರ್ಟರ್ಸ್ ಮನೆಯ ಹಕ್ಕು, ಒಂದಲ್ಲ ಒಂದಕ್ಕೆ ಅಲ್ಲಿನ ಹಳೇ ಕಾರ್ಮಿಕರು ಕಾಗದ ಹಿಡಿದು ಓಡಾಡ್ತಾನೇ ಇದ್ದಾರೆ. ಅಂಥ ಒಬ್ಬ ಹಿರಿಯರು, ಗಣಿಯೊಳಗೆ ಇಳಿದು ಕೆಲಸ ಮಾಡಿದವರು, ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ನನಗೆ ಸಿಕ್ಕಿದ್ದರು. ಕೈಯಲ್ಲಿ ಒಂದು ಮನವಿ. 37 ಜನ ಸೇರಿ ಕೊಡುವ ಮನವಿ. ಎಡಗಡೆ ಹೆಸರುಗಳು, ಬಲಗಡೆ ಒಬ್ಬೊಬ್ಬರಿಗೆ ಬರಬೇಕಾದ ಮೊತ್ತ. ರಾಬರ್ಟ್‌ಸನ್‌ಪೇಟೆಯಲ್ಲಿ ಟೈಪ್ ಮಾಡಿಸಿ, ಲೀಗಲ್ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಎಲ್ಲರೂ ನೋಡಿ ಸರಿ ಅಂದಿದ್ದಾರೆ. ಆಮೇಲೆ ಯಾರೋ "ಎ4 ಹಾಳೆಯಲ್ಲೇ ಕೊಡಿ" ಅಂದದ್ದಕ್ಕೆ ಪೆನ್ ಡ್ರೈವ್ ತಂದು ಇಲ್ಲಿ ಮತ್ತೆ ಪ್ರಿಂಟ್ ತೆಗೆಸಿದ್ದಾರೆ. ಹಾಳೆ ಹಿಡಿದು ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ತಂಬಿ, ನನ್ನ ಹೆಸರು ಕಡೇದು. ಮುಂದೆ ದುಡ್ಡೇ ಇಲ್ಲವಲ್ಲ?"

ಹುಡುಗ ನೋಡಿದ. "ಪ್ರಿಂಟ್ ಸರಿಯಾಗೇ ಬಂದಿದೆಯಲ್ಲ ತಾತ" ಅಂದ. ಶಾಯಿ ಕಪ್ಪಗಿತ್ತು, ಅಕ್ಷರ ಸ್ಪಷ್ಟವಾಗಿತ್ತು, ಅವನ ಮಾತು ಸುಳ್ಳೇನಲ್ಲ.

ಆಗಿದ್ದೇನು ಅಂದ್ರೆ, ಮೊದಲು ಟೈಪ್ ಮಾಡಿದವರು ಟೇಬಲ್ ಹಾಕಿರಲಿಲ್ಲ. ಪುಟವನ್ನು ಎರಡು ಕಾಲಂ ಮಾಡಿ, ಎಡ ಕಾಲಂನಲ್ಲಿ ಹೆಸರಿಗೊಂದು ಎಂಟರ್ ಹಾಕಿ 37 ಸಾಲು, ಬಲ ಕಾಲಂನಲ್ಲಿ ಮೊತ್ತಕ್ಕೊಂದು ಎಂಟರ್ ಹಾಕಿ 37 ಸಾಲು. ನೋಡೋಕೆ ಟೇಬಲ್. ಆದರೆ ಯಾವ ಹೆಸರಿಗೆ ಯಾವ ಮೊತ್ತ ಅನ್ನೋ ಸಂಬಂಧ ಫೈಲಿನೊಳಗೆ ಎಲ್ಲೂ ಇಲ್ಲ, ಅಕ್ಕಪಕ್ಕ ಕೂತಿದ್ದಾವೆ ಅನ್ನೋದೊಂದೇ ಸಂಬಂಧ. ಲೀಗಲ್ ಹಾಳೆಯ ಅಗಲ 215.9 ಮಿಲಿಮೀಟರ್, ಎ4 ಅಗಲ 210. ಹಾಳೆ ಬದಲಾಯಿಸಿದಾಗ ಒಂದೊಂದು ಕಾಲಂ ಸುಮಾರು 3 ಮಿಲಿಮೀಟರ್ ಕಿರಿದಾಯ್ತು. ಹನ್ನೊಂದನೇ ಹೆಸರು ತಂದೆಯ ಹೆಸರು, ಊರು ಸೇರಿ ಸ್ವಲ್ಪ ಉದ್ದ ಇತ್ತು, ಅದು ಒಂದು ಸಾಲಿನಲ್ಲಿ ಹಿಡಿಯದೆ ಎರಡು ಸಾಲಾಯ್ತು. ಅಲ್ಲಿಂದ ಕೆಳಗಿನ ಹೆಸರುಗಳೆಲ್ಲ ಒಂದು ಸಾಲು ಕೆಳಗೆ ಇಳಿದವು. ಮೊತ್ತಗಳು ಇದ್ದಲ್ಲೇ ಉಳಿದವು. ಹನ್ನೆರಡನೆಯವರ ಮುಂದೆ ಹದಿಮೂರನೆಯವರ ದುಡ್ಡು, ಹದಿಮೂರನೆಯವರ ಮುಂದೆ ಹದಿನಾಲ್ಕನೆಯವರದು. ಹೀಗೇ ಇಳಿದು, 37ನೆಯವರ ಮುಂದೆ ಬರೀ ಬಿಳಿ ಕಾಗದ.

ಆ ಹಿರಿಯರು ಕಡೆಯವರಾಗಿದ್ದಕ್ಕೆ ಗೊತ್ತಾಯ್ತು. ಇಪ್ಪತ್ತನೆಯವರಾಗಿದ್ದರೆ? ಅವರ ಮುಂದೆ ಒಂದು ಮೊತ್ತ ಇದ್ದೇ ಇರುತ್ತಿತ್ತು, ಬೇರೆಯವರದ್ದು. ಮನವಿ ಕಚೇರಿ ಸೇರಿ, ಇನ್ವರ್ಡ್ ನಂಬರ್ ಬಿದ್ದು, ಕಡತದೊಳಗೆ ಮಲಗಿ, ಎಷ್ಟೋ ದಿನ ಆದ ಮೇಲೆ "ದಾಖಲೆಗೆ ತಾಳೆಯಾಗುವುದಿಲ್ಲ" ಅಂತ ವಾಪಸ್ ಬಂದಿದ್ದರೆ ಕಾರಣ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರು ಮಿಲಿಮೀಟರ್ ಸ್ವಾಮಿ! ಟೇಬಲ್ ಹಾಕಿ, ಎಡದ ಪಟ್ಟಿ ಎಡದ ಕಂಬಕ್ಕೆ, ಬಲದ ಪಟ್ಟಿ ಬಲದ ಕಂಬಕ್ಕೆ ಅಂಟಿಸೋಕೆ ಹಿಡಿದ ಹೊತ್ತು ಒಂದು ಟೀ ಕುಡಿಯೋವಷ್ಟು. ಈಗ ಯಾವ ಹೆಸರು ಎಷ್ಟು ಸಾಲಾದರೂ ಅದರ ದುಡ್ಡು ಅದರ ಜೊತೆಗೇ ಇಳಿಯುತ್ತೆ.

ಪ್ರಿಂಟು ಅನ್ನೋದು ಆ ಒಂದು ದಿನ, ಆ ಒಂದು ಪ್ರಿಂಟರ್, ಆ ಒಂದು ಹಾಳೆಯ ಮೇಲೆ ಬಂದದ್ದು. ಫೈಲು ಇನ್ನೊಂದು ಊರಿಗೆ ಹೋಗುತ್ತೆ, ಇನ್ನೊಂದು ಹಾಳೆಗೆ, ಇನ್ನೊಬ್ಬರ ಮೊಬೈಲಿಗೆ ಹೋಗುತ್ತೆ. ಅಲ್ಲಿ ಹೋಗಿ ಏನು ಹೇಳಬೇಕು ಅನ್ನೋದು ಅದಕ್ಕೆ ಗೊತ್ತಿರಬೇಕು.

ಇನ್ನು ಫಾಂಟಿನ ವಿಷಯ. ಇಲ್ಲಿ ಸರ್ಕಾರದ ಜೊತೆ ನನ್ನ ಜಗಳ ಇದೆ. ಸರ್ಕಾರಿ ಕಚೇರಿಗಳಿಗೆ ನುಡಿ ಬಂದಾಗ ಅದು ದೊಡ್ಡ ಉಪಕಾರವೇ ಆಗಿತ್ತು, ಕನ್ನಡ ಗಣಕ ಪರಿಷತ್ತಿನವರು ಮಾಡಿದ ಕೆಲಸವನ್ನು ನಾನು ಅಲ್ಲಗಳೆಯೋದಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ನಾನು ಈಗಲೂ ಟೈಪ್ ಮಾಡೋದು. ಆದರೆ ಆ ಕಾಲದ ನುಡಿ, ಬರಹ ಫಾಂಟುಗಳೆಲ್ಲ ಒಂದು ಜಾಣತನದ ಮೇಲೆ ನಿಂತಿದ್ದವು. ಕಂಪ್ಯೂಟರಿಗೆ ಕನ್ನಡ ಬರೋದಿಲ್ಲ, ಆದ್ದರಿಂದ ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸೋಣ ಅಂತ. ಹಳೇ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಬರೆದ ಫೈಲಿನೊಳಗೆ ನಿಜವಾಗಿ ಇರೋದು ಏನು ಗೊತ್ತಾ? ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ ಅಕ್ಷರ, ಒಂದು ಕ್ಯೂ, ಮತ್ತೆ ಗೀಟಿನ ಎ. ಏಳು ಅಕ್ಷರ, ಒಂದೂ ಕನ್ನಡದ್ದಲ್ಲ.

ವರ್ಡ್ ಪಾಪ ಇದನ್ನ ಇಂಗ್ಲಿಷ್ ಅಂತಲೇ ನಂಬುತ್ತೆ. ಸಾಲಿನ ಮೊದಲ ಅಕ್ಷರ ಚಿಕ್ಕದಿದೆ ಅಂತ ತಾನೇ ದೊಡ್ಡದು ಮಾಡುತ್ತೆ, ಕನ್ನಡದಲ್ಲಿ ಅಕ್ಷರವೇ ಬದಲಾಗಿಬಿಡುತ್ತೆ. ಪ್ರತಿ ಪದದ ಕೆಳಗೂ ಕೆಂಪು ಗೀರು ಎಳೆಯುತ್ತೆ, ಅದನ್ನ ನೋಡಲಾರದೆ ಹುಡುಗ ಎಲ್ಲ ತಪಾಸಣೆಯನ್ನೂ ಆಫ್ ಮಾಡ್ತಾನೆ. ಅಕಾರಾದಿ ಜೋಡಿಸು ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ ಜೋಡಿಸುತ್ತೆ. ರಾಬರ್ಟ್‌ಸನ್‌ಪೇಟೆಯಂಥ ಊರಿನಲ್ಲಿ ಇದರ ಆಟ ಇನ್ನೂ ಜೋರು. ಅಲ್ಲಿನ ಅಂಗಡಿಯಲ್ಲಿ ಬೆಳಿಗ್ಗೆ ತಮಿಳಿನ ಶ್ರದ್ಧಾಂಜಲಿ ಪೋಸ್ಟರ್, ಮಧ್ಯಾಹ್ನ ಕನ್ನಡದ ಅರ್ಜಿ, ಸಂಜೆ ತೆಲುಗಿನ ಮದುವೆ ಪತ್ರಿಕೆ, ನಡುವೆ ಯಾರದೋ ಇಂಗ್ಲಿಷ್ ಬಯೋಡೇಟಾ. ತಮಿಳಿನ ಹಳೇ ಫಾಂಟುಗಳೂ ಇದೇ ವೇಷಧಾರಿ ಜಾತಿ. ಇಡೀ ಫೈಲನ್ನ ಸೆಲೆಕ್ಟ್ ಮಾಡಿ ತಪ್ಪಿ ಇನ್ನೊಂದು ಫಾಂಟ್ ಒತ್ತಿದರೆ ಕನ್ನಡದ ಅರ್ಜಿ ತಮಿಳು ಲಿಪಿಯಲ್ಲಿ ಅರ್ಥವಿಲ್ಲದ ಮಂತ್ರ ಆಗುತ್ತೆ. ಇಂಥ ಫೈಲಿನಲ್ಲಿ ಹೆಡಿಂಗ್‌ಗೆ ಒಂದು ಸ್ಟೈಲ್, ಒಕ್ಕಣೆಗೆ ಒಂದು ಸ್ಟೈಲ್ ಅಂತ ಯಾರು ಧೈರ್ಯವಾಗಿ ಮಾಡ್ತಾರೆ? ಸ್ಟೈಲ್ ಬದಲಾಯಿಸಿದರೆ ಫಾಂಟ್ ಬದಲಾಗುತ್ತೆ, ಫಾಂಟ್ ಬದಲಾದರೆ ಭಾಷೆಯೇ ಹೋಗುತ್ತೆ. ಅದಕ್ಕೇ ಕನ್ನಡದ ಟೈಪಿಸ್ಟ್ ಸ್ಟೈಲ್ಸ್ ಪೆಟ್ಟಿಗೆಗೆ ಹೆದರಿದ. ಸ್ಪೇಸ್ ಬಾರ್ ಒಂದೇ ಅವನಿಗೆ ಮೋಸ ಮಾಡದ ಕೀಲಿ ಆಗಿ ಉಳೀತು.

ಇದಕ್ಕೆ ಮದ್ದು ಇರಲಿಲ್ಲವೇ? ಇತ್ತು. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆ ಇದೆ. ಗಣಿ ಮುಚ್ಚಿದ 2001ರಲ್ಲೇ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅಂತ ಯೂನಿಕೋಡ್ ಕನ್ನಡ ಫಾಂಟ್ ಪುಕ್ಕಟೆ ಬಂತು. ತಮಿಳುನಾಡು 2010ರಲ್ಲಿ ಯೂನಿಕೋಡ್‌ಗೆ ಆದೇಶ ಮಾಡಿತು, ಕರ್ನಾಟಕ 2012ರಲ್ಲಿ. ನುಡಿಯ ಹೊಸ ಆವೃತ್ತಿಗಳಲ್ಲಿ ಅದೇ ಕೀಲಿಮಣೆ ಇಟ್ಟುಕೊಂಡು ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು. ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಆದೇಶ ಬಂತು, ಆದರೆ ಆದೇಶದ ಹಿಂದೆ ಯಾರೂ ಬರಲಿಲ್ಲ. ಹಳೇ ಫಾಂಟಿನಲ್ಲೇ ಫೈಲ್ ಕೇಳೋ ಜಾಗಗಳು ಉಳಿದೇ ಉಳಿದವು. ಕೇಳುವವರು ಇರೋವರೆಗೆ ಅಂಗಡಿಯವನು ಬದಲಾಗೋದಿಲ್ಲ, ಅವನ ಜಾಗದಲ್ಲಿ ನಾನಿದ್ದರೂ ಆಗ್ತಿರಲಿಲ್ಲ.

ಸರಿ, ಯೂನಿಕೋಡ್ ಬಂತು ಅಂದುಕೊಳ್ಳಿ, ಅಲ್ಲಿಗೆ ಮುಗಿಯೋದಿಲ್ಲ. ಕನ್ನಡದ ಪುಟಕ್ಕೆ ಅದರದೇ ಅಗತ್ಯಗಳಿವೆ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನ ಹಾಗೇ ತೊಡಿಸಿದರೆ ತೋಳು ಬಿಗಿಯುತ್ತೆ. ಸಾಲಿನ ಅಂತರ ತಗೊಳ್ಳಿ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯೋದು ಜಿ, ಪಿ, ವೈ ಥರದ ನಾಲ್ಕೈದು ಅಕ್ಷರದ ಬಾಲ. ನಮ್ಮಲ್ಲಿ ಒತ್ತಕ್ಷರ ಪೂರ್ತಿ ಒಂದು ಮಹಡಿ ಕೆಳಗೆ ಇಳಿಯುತ್ತೆ. "ರಾಷ್ಟ್ರ" ಅಂತ ಬರೆದರೆ ಷ ಕೆಳಗೆ ಟ ಒತ್ತು, ಅದಕ್ಕೆ ತಗುಲಿಕೊಂಡು ರ ಒತ್ತು. ಯಾರೋ ಎರಡು ಪುಟವನ್ನ ಒಂದಕ್ಕೆ ಇಳಿಸೋಕೆ ಸಾಲಿನ ಅಂತರವನ್ನ "ಎಕ್ಸಾಕ್ಟ್ಲಿ 12 ಪಾಯಿಂಟ್" ಅಂತ ಕಟ್ಟಿಹಾಕಿದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತೆ, ಇಲ್ಲಾ ಕತ್ತರಿಸಿಯೇ ಹೋಗುತ್ತೆ. "ಹತ್ತು ಗುಂಟೆ" ಅನ್ನೋದು ಜೆರಾಕ್ಸಿನ ಜೆರಾಕ್ಸ್ ಆಗಿ ನಾಲ್ಕನೇ ಕೈಗೆ ಬರುವಾಗ "ಹತು" ಅಂತಿರುತ್ತೆ. ಅಂತರವನ್ನ ಗುಣಕದಲ್ಲಿ ಕೊಡಿ, 1.15 ಅಂತಲೋ 1.5 ಅಂತಲೋ. ಫಾಂಟು ತನಗೆ ಬೇಕಾದ ಜಾಗ ತಾನೇ ತಗೊಳ್ಳುತ್ತೆ.

ಜಸ್ಟಿಫೈ ಇನ್ನೊಂದು ಹುಚ್ಚು. ಎರಡೂ ಅಂಚು ಕತ್ತರಿಸಿದ ಹಾಗೆ ನೇರ ಇದ್ದರೆ ಮಾತ್ರ ಗೌರವ ಅಂತ ಯಾರು ಹೇಳಿಕೊಟ್ಟರೋ. ಕನ್ನಡ ಪದಗಳು ಬೋಗಿಗೆ ಬೋಗಿ ಜೋಡಿಸಿದ ಗೂಡ್ಸ್ ಗಾಡಿ. "ಮಂಜೂರುಮಾಡಿಕೊಡಬೇಕಾಗಿರುವುದರಿಂದ" ಅಂತ ಒಂದು ಪದ ಬಂದರೆ ಸಾಲಿನಲ್ಲಿ ಇನ್ನೆರಡು ಪದಕ್ಕೆ ಮಾತ್ರ ಜಾಗ. ಉಳಿದ ಜಾಗವನ್ನ ವರ್ಡ್ ಆ ಪದಗಳ ನಡುವೆ ಹಿಗ್ಗಿಸಿ ಹಂಚುತ್ತೆ, ಪುಟದ ತುಂಬ ಬಿಳೀ ಕಾಲುವೆ ಹರಿಯುತ್ತೆ. ಹಿಂದೆ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸಿನವರು ಇದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದರು. ಅಕ್ಷರ ಮುಗಿದ ಜಾಗದಲ್ಲಿ ಪದವನ್ನ ಮುರಿದು ಅಡ್ಡಗೆರೆ ಹಾಕಿ ಮುಂದಿನ ಸಾಲಿಗೆ ಒಯ್ಯುತ್ತಿದ್ದರು. ಇಂಗ್ಲಿಷಿನಲ್ಲಿ ಪದ ಎಲ್ಲಿ ಮುರಿಯಬೇಕು ಅನ್ನೋದಕ್ಕೆ ದೊಡ್ಡ ಪಟ್ಟಿಯೇ ಬೇಕು. ನಮ್ಮದು ಅಕ್ಷರಗಳ ಭಾಷೆ, ನಿಯಮ ಬೆರಳೆಣಿಕೆಯಷ್ಟು. ಆ ನಿಯಮಗಳನ್ನ ಕಂಪ್ಯೂಟರಿಗೆ ಅರ್ಥವಾಗೋ ಹಾಗೆ ಕನ್ನಡಕ್ಕೂ ಬರೆದು ಮುಕ್ತವಾಗಿ ಕೊಟ್ಟವರು ಸಂತೋಷ್ ತೊಟ್ಟಿಂಗಲ್, ಮಲಯಾಳಂ ತಂತ್ರಾಂಶಕ್ಕೆ ದುಡಿದವರು. ಪಕ್ಕದ ಮನೆಯವರು ಬಂದು ನಮ್ಮ ಮನೆ ಸೋರುವ ಮಾಡು ಹೊದಿಸಿಕೊಟ್ಟ ಹಾಗೆ. ಬೆಂಗಳೂರಿನಲ್ಲಿ ಕೂತ ಕನ್ನಡದ ಎಂಜಿನಿಯರುಗಳು ಎಷ್ಟು ಜನ ಸ್ವಾಮಿ? ಪದ ಮುರಿಯೋ ಸೌಲಭ್ಯ ಕೈಗೆ ಸಿಗೋವರೆಗೆ ಅರ್ಜಿಗಳನ್ನ ಎಡಕ್ಕೆ ಜೋಡಿಸಿ, ಬಲದ ಅಂಚು ಹೇಗಾದರೂ ಇರಲಿ. ಓದೋಕೆ ಸಲೀಸು.

ನಮ್ಮ ಎಂಜಿನಿಯರ್ ಜಾತಿಯ ಬಗ್ಗೆ ಹೇಳದೆ ಬಿಟ್ಟರೆ ಪಕ್ಷಪಾತ ಆಗುತ್ತೆ. ತಿರುಳು ಬೇರೆ, ಅಲಂಕಾರ ಬೇರೆ ಅನ್ನೋದು ನಮ್ಮ ವೃತ್ತಿಯ ಗಾಯತ್ರಿ ಮಂತ್ರ. ವೆಬ್‌ಸೈಟ್ ಮಾಡುವಾಗ ಹೆಡಿಂಗನ್ನ ಹೆಡಿಂಗ್ ಅಂತ ಹೇಳದೆ ಬರೀ ದಪ್ಪ ಅಕ್ಷರ ಮಾಡಿದ ಜೂನಿಯರ್‌ನ್ನ ಕೋಡ್ ರಿವ್ಯೂನಲ್ಲಿ ಉಪ್ಪು ಖಾರ ಹಚ್ಚಿ ಹುರೀತೀವಿ. ಅದೇ ನಾವು ವರ್ಡ್ ಅಂದ ಕೂಡಲೇ "ಅದು ಗುಮಾಸ್ತರ ಸಾಮಾನು" ಅಂತ ಮೂಗು ಮುರೀತೀವಿ. ನಮ್ಮಪ್ಪನ ಅರ್ಜಿ, ನಮ್ಮಜ್ಜಿಯ ಪಿಂಚಣಿ ಕಾಗದ ತಯಾರಾಗೋದು ಆ ಸಾಮಾನಿನಲ್ಲೇ. ಕನ್ನಡದ ಸಾಹಿತಿಗಳೇನೂ ಹಿಂದೆ ಬಿದ್ದಿಲ್ಲ. ಸಾಲಿಗೊಂದು ಎಂಟರ್ ಹೊಡೆದು ಹಳೇ ಫಾಂಟಿನಲ್ಲಿ ಕಾದಂಬರಿ ಕಳಿಸ್ತಾರೆ, ಪುಸ್ತಕ ಪೇಜ್‌ಮೇಕರ್‌ನಲ್ಲಿ ಕಟ್ಟಿಸ್ತಾರೆ. ಆ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದಿದ್ದೂ 2001ರಲ್ಲೇ. ಆಮೇಲೆ ನಮ್ಮ ಪುಸ್ತಕ ಯಾಕೆ ಇ-ಬುಕ್ ಆಗಲ್ಲ ಅಂತ ಭಾಷಣ. ಇದನ್ನ ಇಲ್ಲಿಗೇ ಬಿಡ್ತೀನಿ, ಅದು ಬೇರೆ ಲೇಖನ.

"ಸಾರ್, ಇಷ್ಟೆಲ್ಲಾ ಮಾಡ್ತಾ ಕೂತರೆ ನಮ್ಗೆ ಗಿಟ್ಟಲ್ಲ" ಅಂತ ಅಂಗಡಿಯ ಹುಡುಗ ಒಮ್ಮೆ ಹೇಳಿದ. ಅವನ ಮಾತಿನಲ್ಲಿ ಅರ್ಥ ಇದೆ. ಅವನಿಗೆ ದುಡ್ಡು ಪುಟದ ಲೆಕ್ಕ. ಪುಟ ಹೆಚ್ಚಾದರೆ ಅವನಿಗೇನೂ ನಷ್ಟ ಇಲ್ಲ. ನಷ್ಟ ಕೊಡೋನಿಗೆ. ಮಾಹಿತಿ ಹಕ್ಕಿನಲ್ಲೂ ಇದೇ ಕಥೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಅಂದ್ರೆ ಬಡವನ ಮಾತಿಗೆ ಪದದ ಲೆಕ್ಕ. ಆದರೆ ಉತ್ತರದ ಪ್ರತಿಗೆ ಎ4 ಪುಟಕ್ಕೆ 2 ರೂಪಾಯಿ, ಪುಟದ ಲೆಕ್ಕ. ಅರವತ್ತು ಪುಟದಲ್ಲಿ ಮುಗಿಯಬೇಕಾದ ಕಡತ ಎಂಟರ್ ಹೊಡೆದು ಹೊಡೆದು ತೊಂಬತ್ತಾಗಿದ್ದರೆ, ಆ 60 ರೂಪಾಯಿ ಬಿಳಿ ಜಾಗದ ಬೆಲೆ. 2005ರ ಆ ಕಾಯ್ದೆಯ ನಾಲ್ಕನೇ ಕಲಮು ಎಲ್ಲ ದಾಖಲೆಗಳನ್ನೂ ಪಟ್ಟಿ ಮಾಡಿ, ಸೂಚಿ ಮಾಡಿ ಇಡಬೇಕು ಅನ್ನುತ್ತೆ. ಹೆಡಿಂಗ್‌ಗಳನ್ನ ಹೆಡಿಂಗ್ ಅಂತ ಗುರುತು ಮಾಡಿದ್ದರೆ ಪರಿವಿಡಿ ಒಂದು ಕ್ಲಿಕ್ಕಿಗೆ ತಾನಾಗೇ ಬರುತ್ತೆ. ಬರೀ ಬೋಲ್ಡ್ ಮಾಡಿದ್ದರೆ ಗುಮಾಸ್ತರು ಕೂತು ಕೈಯಲ್ಲಿ ಬರೀಬೇಕು. ಬರೀತಾರಾ?

ಸುಪ್ರೀಂ ಕೋರ್ಟ್ 2020ರಲ್ಲಿ ಒಂದು ಸುತ್ತೋಲೆ ಮಾಡಿತು: ಎ4 ಹಾಳೆ, ಎರಡೂ ಬದಿ ಮುದ್ರಣ, ಟೈಮ್ಸ್ ನ್ಯೂ ರೋಮನ್ 14, ಸಾಲಿನ ಅಂತರ 1.5, ಎಡ ಬಲ 4 ಸೆಂಟಿಮೀಟರ್, ಮೇಲೆ ಕೆಳಗೆ 2 ಸೆಂಟಿಮೀಟರ್ ಅಂಚು. ಎಡಗಡೆ ಅಷ್ಟು ಅಂಚು ಬಿಟ್ಟರೆ ಏನಾಗುತ್ತೆ ಅಂತ ಕಡತಕ್ಕೆ ಟ್ಯಾಗ್ ದಾರ ಪೋಣಿಸಿದವರಿಗೆ ಗೊತ್ತು, ತೂತು ಅಕ್ಷರದ ಮೇಲೆ ಬೀಳೋದಿಲ್ಲ. ಹಾಳೆ ಉಳಿಸೋಕೆ "ನ್ಯಾರೋ" ಮಾರ್ಜಿನ್ ಹಾಕಿದ ಅರ್ಜಿಗಳಲ್ಲಿ ಸರ್ವೆ ನಂಬರಿನ ಮೊದಲ ಅಂಕೆಯೇ ತೂತಾಗಿರೋದನ್ನ ನಾನೇ ಕಣ್ಣಾರೆ ಕಂಡಿದ್ದೀನಿ.

ಅಳತೆ ಬರೆದು ಕೊಡೋದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಂತ ರಾಜ್ಯ ಸರ್ಕಾರವನ್ನ ಕೇಳ್ತೀನಿ. ಖಾಲಿ ಫೈಲುಗಳನ್ನೇ ಕೊಡಿ. ಅರ್ಜಿಗೊಂದು, ಮೇಲ್ಮನವಿಗೊಂದು, ನಡಾವಳಿಗೊಂದು, ಹೆಸರು ಮೊತ್ತದ ಪಟ್ಟಿಗೊಂದು. ವರ್ಡ್‌ನಲ್ಲೂ ಇರಲಿ, ದುಡ್ಡು ಕೊಡಬೇಕಿಲ್ಲದ ಲಿಬ್ರೆಆಫೀಸ್‌ನಲ್ಲೂ ಇರಲಿ. ಒಳಗೆ "ವಿಳಾಸ", "ವಿಷಯ", "ಉಲ್ಲೇಖ", "ಒಕ್ಕಣೆ", "ಸಹಿ" ಅಂತ ಕನ್ನಡದಲ್ಲೇ ಹೆಸರಿಟ್ಟ ಸ್ಟೈಲ್‌ಗಳು, ಎ4 ಪುಟ, ದಾರಕ್ಕೆ ಜಾಗ ಬಿಟ್ಟ ಅಂಚು, ಒತ್ತಕ್ಷರಕ್ಕೆ ಜಾಗ ಬಿಟ್ಟ ಸಾಲು, ಯೂನಿಕೋಡ್ ಫಾಂಟು. ಹುಡುಗ "ವಿಷಯ" ಅಂತ ಒತ್ತಿದರೆ ನಡುವಿಗೆ ಬರಬೇಕು, "ಸಹಿ" ಅಂತ ಒತ್ತಿದರೆ ಬಲಕ್ಕೆ ಹೋಗಬೇಕು. ಗಿಟ್ಟಲ್ಲ ಅಂದವನಿಗೆ ಇದು ಗಿಟ್ಟುತ್ತೆ, ಯಾಕಂದ್ರೆ ಸ್ಪೇಸ್ ಬಾರ್ ನಲವತ್ತು ಸಲ ಒತ್ತೋ ಹೊತ್ತು ಅವನಿಗೂ ಉಳಿಯುತ್ತೆ. ಸರ್ಕಾರಿ ನೌಕರರಿಗೆ 2012ರ ನಿಯಮದಿಂದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ ಆಗಿದೆಯಲ್ಲ, ಅದರಲ್ಲಿ ಒಂದು ಪ್ರಶ್ನೆ ಹೀಗಿರಲಿ: ಲೀಗಲ್ ಹಾಳೆಯ ಈ ಫೈಲನ್ನ ಎ4 ಮಾಡಿ, ಯಾರ ಹೆಸರೂ ಯಾರ ಮೊತ್ತವೂ ಕದಲಬಾರದು. ಕದಲಿದರೆ ಫೇಲು.

ಹಳೇ ಫೈಲುಗಳ ಗತಿ ಏನು ಅಂತ ಕೇಳೋರು ಇದ್ದೇ ಇರ್ತಾರೆ. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗ್ತಾವೆ. ಅಕ್ಷರ ಅವು ತರ್ತಾವೆ, ಎಂಟರ್‌ಗಳನ್ನ ನೀವೇ ಗುಡಿಸಬೇಕು. ಫೈಂಡ್ ಅಂಡ್ ರಿಪ್ಲೇಸ್ ತೆಗೆಯಿರಿ, ಮೋರ್ ಒಳಗಿನ ಸ್ಪೆಷಲ್ ಪಟ್ಟಿಯಲ್ಲಿ ಪ್ಯಾರಾಗ್ರಾಫ್ ಮಾರ್ಕ್ ಅಂತ ಇದೆ. ಹುಡುಕುವ ಜಾಗದಲ್ಲಿ ಅದನ್ನ ಎರಡು ಸಲ ಹಾಕಿ, ಬದಲಿಸುವ ಜಾಗದಲ್ಲಿ ಒಂದು ಸಲ. ರಿಪ್ಲೇಸ್ ಆಲ್ ಒತ್ತಿ. ಮತ್ತೆ ಒತ್ತಿ. ಎಷ್ಟು ಬದಲಾಯ್ತು ಅನ್ನೋ ಸಂಖ್ಯೆ ಇಳೀತಾ ಇಳೀತಾ ಸೊನ್ನೆಗೆ ಬರೋವರೆಗೆ ಒತ್ತಿ. ಫೈಲಿನ ತಳದಲ್ಲಿ ಒಂದು ಅಂಟಿಕೊಂಡು ಉಳಿದರೆ ಅದನ್ನ ಕೈಯಲ್ಲೇ ಅಳಿಸಿ. ಸ್ಪೇಸ್‌ಗಳಿಗೂ ಹೀಗೇ, ಎರಡಕ್ಕೆ ಒಂದು. ಆದರೆ ಸ್ಪೇಸ್ ಒತ್ತಿ ಮಾಡಿದ ಪಟ್ಟಿಗಳಿದ್ದರೆ ಮೊದಲು ಅವನ್ನ ಟೇಬಲ್‌ಗೆ ಹಾಕಿ, ಹಳೇ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಹೆಸರು, ಮೊತ್ತ ಒಂದೊಂದಾಗಿ ತಾಳೆ ನೋಡಿ, ಆಮೇಲೆ ಗುಡಿಸಿ.